ಸ್ಪಿಟ್‌ಫೈರ್, ಮಸ್ಟ್ಯಾಂಗ್, ಫೋಕೆ ವುಲ್ಫ್: ಪವರ್ ಹಿಡಿತ ಯಾವುದರಲ್ಲಿ ಚೆನ್ನ?

ಎರಡನೇ ಮಹಾಯುದ್ಧದ ವಿಮಾನಗಳನ್ನು ಮನೆಯ ಸಿಮ್ಯುಲೇಟರ್‌ನಲ್ಲಿ ಹಾರಿಸುವವರು ಹೆಚ್ಚಾಗಿ ವೇಗ, ಗನ್‌ಗಳ ಬಗ್ಗೆ ಮಾತಾಡುತ್ತಾರೆ. ನನಗೆ ಮಾತ್ರ ಥ್ರಾಟಲ್ (ಪವರ್ ಏರಿಸಿ ಇಳಿಸುವ ಲಿವರ್) ಎಷ್ಟು, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಎಷ್ಟು, ಆ ಪವರ್‌ನಲ್ಲಿ ಎಷ್ಟು ನಿಮಿಷ ಅನ್ನುವುದೇ ಮುಖ್ಯ. ಒಂದೇ ದಾರಿಯಲ್ಲಿ ಮೂರು ಫೈಟರ್‌ಗಳನ್ನೂ ಒಂದು ಬಾಂಬರನ್ನೂ ಹಾರಿಸಿ ಹೋಲಿಸಿದೆ.

ಬ್ರಿಟನ್ನಿನ ಸ್ಪಿಟ್‌ಫೈರ್ ಮಾರ್ಕ್ 9 ಮತ್ತು ಅಮೆರಿಕದ ಮಸ್ಟ್ಯಾಂಗ್ ಪಿ-51ಡಿ, ಎರಡರಲ್ಲೂ ಇರುವುದು ಹೆಚ್ಚುಕಡಿಮೆ ಒಂದೇ ಮರ್ಲಿನ್ ಎಂಜಿನ್. ಮಸ್ಟ್ಯಾಂಗ್‌ನದ್ದು ಅಮೆರಿಕದಲ್ಲಿ ಪ್ಯಾಕರ್ಡ್ ಕಂಪನಿ ಮಾಡಿದ್ದು, ಅಷ್ಟೇ. ಬೂಸ್ಟ್, ಅಂದರೆ ಎಂಜಿನ್‌ಗೆ ತುರುಕುವ ಗಾಳಿಯ ಒತ್ತಡ, ತೋರಿಸುವ ಗೇಜ್ ಮಾತ್ರ ಬೇರೆ. ಸಮುದ್ರಮಟ್ಟದ ಗಾಳಿಯ ಒತ್ತಡಕ್ಕಿಂತ ಚದರ ಇಂಚಿಗೆ ಎಷ್ಟು ಪೌಂಡ್ ಜಾಸ್ತಿ ಎಂದು ಬ್ರಿಟಿಷ್ ಗೇಜ್ ತೋರಿಸುತ್ತದೆ. ಅಮೆರಿಕದ್ದು ಪಾದರಸದ ಇಂಚಿನಲ್ಲಿ ಪೂರ್ತಿ ಒತ್ತಡವನ್ನೇ ಹೇಳುತ್ತದೆ. ಹಾಗಾಗಿ ಸ್ಪಿಟ್‌ಫೈರ್‌ನ 18 ಪೌಂಡ್ ಬೂಸ್ಟ್, ಮಸ್ಟ್ಯಾಂಗ್‌ನ 67 ಇಂಚು ಎರಡೂ ಹತ್ತಿರಹತ್ತಿರ ಒಂದೇ. ಎರಡಕ್ಕೂ 3000 ಆರ್‌ಪಿಎಂ, ಎರಡಕ್ಕೂ 5 ನಿಮಿಷದ ಮಿತಿ.

ಆದರೂ ಕೈಗೆ ಮಸ್ಟ್ಯಾಂಗ್ ಹೆಚ್ಚು ಹಿಡಿಸಿತು. ಅದರ ಥ್ರಾಟಲ್ 61 ಇಂಚಿನಲ್ಲಿ ಒಂದು ತೆಳು ತಂತಿಗೆ ತಾಗಿ ನಿಲ್ಲುತ್ತದೆ. ಅದನ್ನು ಮುರಿದು ಮುಂದಕ್ಕೆ ತಳ್ಳಿದರೆ ಮಾತ್ರ 67. ತಂತಿ ಮುರಿದಿದ್ದರೆ ನೆಲದಲ್ಲಿರುವ ಮೆಕ್ಯಾನಿಕ್‌ಗೂ ಗೊತ್ತಾಗುತ್ತದೆ, ಎಂಜಿನ್ ತಪಾಸಣೆ ಆಗಬೇಕು ಅಂತ. ಎಷ್ಟು ಒಳ್ಳೆಯ ಏರ್ಪಾಟು ಅಲ್ವಾ! ಯುದ್ಧಕಾಲದಲ್ಲಿ ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲೂ ಅಮೆರಿಕದ ವಿಮಾನ, ಎಂಜಿನ್‌ಗಳ ರಿಪೇರಿ ನಡೆಯುತ್ತಿತ್ತು. ಪೈಲಟ್ ಬಳಸಿದ ಆ ಐದು ನಿಮಿಷದ ಭಾರ ಕೊನೆಗೆ ಬೀಳುತ್ತಿದ್ದುದು ಇಂಥ ಕಡೆ ಕೆಲಸ ಮಾಡುವವರ ಮೇಲೆ.

ಜರ್ಮನಿಯ ಫೋಕೆ ವುಲ್ಫ್ 190ಎ ಹತ್ತಿದರೆ ಲೋಕವೇ ಬೇರೆ. ಅದರ ಬಿಎಂಡಬ್ಲ್ಯು 801 ಎಂಜಿನ್‌ಗೆ ಕೊಮಾಂಡೊಗೆರೇಟ್ ಎಂಬ ಯಾಂತ್ರಿಕ ಪೆಟ್ಟಿಗೆ ಇದೆ. ಲಿವರ್ ಒಂದೇ. ಬೂಸ್ಟ್, ಪ್ರೊಪೆಲ್ಲರ್, ಪೆಟ್ರೋಲ್-ಗಾಳಿ ಮಿಶ್ರಣ, ಕಿಡಿಯ ಹೊತ್ತು, ಗಾಳಿ ತುರುಕುವ ಸೂಪರ್‌ಚಾರ್ಜರ್‌ನ ಗೇರ್ ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಪೂರ್ತಿ ತಳ್ಳಿದರೆ 2700 ಆರ್‌ಪಿಎಂ, 1.42 ಅಟಾ (ಬೂಸ್ಟ್ ಅಳೆಯುವ ಜರ್ಮನ್ ಮಾನ), 3 ನಿಮಿಷ. ಸ್ವಲ್ಪ ಎಳೆದರೆ 2400 ಮತ್ತು 1.32, ಅರ್ಧ ಗಂಟೆ. ಮರ್ಲಿನ್‌ನಲ್ಲಿ ಪವರ್ ಏರಿಸುವಾಗ ಮೊದಲು ಆರ್‌ಪಿಎಂ, ಆಮೇಲೆ ಬೂಸ್ಟ್. ಇಳಿಸುವಾಗ ಅದರ ಉಲ್ಟಾ. ಕಡಿಮೆ ಆರ್‌ಪಿಎಂನಲ್ಲಿ ಜಾಸ್ತಿ ಬೂಸ್ಟ್ ತುರುಕಿದರೆ ಸಿಲಿಂಡರ್ ಒಳಗೆ ನಾಕಿಂಗ್, ಅಂದರೆ ಮಿಶ್ರಣ ಹತೋಟಿ ತಪ್ಪಿ ಸಿಡಿಯುವುದು, ಶುರುವಾಗುತ್ತದೆ. ಶತ್ರು ಬೆನ್ನ ಹಿಂದೆ ಇರುವಾಗ ಆ ಕ್ರಮ ನೆನಪಿಡುವುದು ದೊಡ್ಡ ತಲೆನೋವು. ಆದ್ದರಿಂದ ಬರೀ ಕಾದಾಟಕ್ಕೆ ಕೇಳಿದರೆ ನಾನು ಯೋಚನೆ ಮಾಡದೆ ಫೋಕೆ ವುಲ್ಫ್ ಅನ್ನುತ್ತೇನೆ.

ದೂರದ ಹಾರಾಟಕ್ಕೆ ಬಂದಾಗ ನನ್ನ ಅಭಿಪ್ರಾಯ ಬದಲಾಯಿತು. ಫೋಕೆ ವುಲ್ಫ್‌ನಲ್ಲಿ ಯಾವ ಬೂಸ್ಟಿಗೆ ಯಾವ ಆರ್‌ಪಿಎಂ ಎಂದು ಕಾರ್ಖಾನೆಯಲ್ಲೇ ಕಟ್ಟಿಟ್ಟಿದ್ದಾರೆ. ಮಸ್ಟ್ಯಾಂಗ್‌ನಲ್ಲಿ ನಾನೇ ಆರ್‌ಪಿಎಂ ತಗ್ಗಿಸಿ, ಬೂಸ್ಟನ್ನು ಮಿತಿಯೊಳಗೆ ಎಷ್ಟು ಬೇಕೋ ಅಷ್ಟು ಉಳಿಸಿಕೊಳ್ಳಬಹುದು. ಎಂಜಿನ್ ನಿಧಾನ ತಿರುಗಿದರೆ ಒಳಗಿನ ಉಜ್ಜಾಟಕ್ಕೆ ಹೋಗುವ ಶಕ್ತಿ ಕಡಿಮೆ, ಪೆಟ್ರೋಲ್ ಉಳಿಯುತ್ತದೆ. 1944ರಲ್ಲಿ ಹೆಸರಾಂತ ಅಮೆರಿಕನ್ ಪೈಲಟ್ ಚಾರ್ಲ್ಸ್ ಲಿಂಡ್‌ಬರ್ಗ್ ಪೆಸಿಫಿಕ್‌ನಲ್ಲಿ ಅಮೆರಿಕದ ಪಿ-38 ಫೈಟರ್ ಪೈಲಟ್‌ಗಳಿಗೆ ಹೇಳಿಕೊಟ್ಟಿದ್ದು ಇದನ್ನೇ: ಆರ್‌ಪಿಎಂ 1600ಕ್ಕೆ ಇಳಿಸಿ, ಮಿಶ್ರಣವನ್ನು ಆಟೋ ಲೀನ್‌ಗೆ (ಪೆಟ್ರೋಲ್ ಕಡಿಮೆ ಇರುವ ಸ್ಥಾನ) ಹಾಕಿ, ಬೂಸ್ಟ್ ಸ್ವಲ್ಪ ಏರಿಸಿ. ಎಂಜಿನ್ ಹಾಳಾಗುತ್ತದೆ ಎಂಬ ಭಯ ಅವರಿಗಿತ್ತು. ಹಾಳಾಗಲಿಲ್ಲ. ಅದೇ ಟ್ಯಾಂಕಿನಲ್ಲಿ ಇನ್ನೂ ದೂರ ಹೋಗಿಬಂದರು.

ಅಮೆರಿಕದ ಬಾಂಬರ್ ಬಿ-17ರಲ್ಲಿ ಇದೇ ಕೆಲಸ ನಾಲ್ಕು ಎಂಜಿನ್‌ಗೆ. ಟೇಕಾಫ್‌ಗೆ 46 ಇಂಚು, 2500 ಆರ್‌ಪಿಎಂ. ಹತ್ತುವಾಗ 38 ಇಂಚು, 2300. ಹಳೆಯ ಮಾದರಿಗಳಲ್ಲಿ ಟರ್ಬೊಗಳಿಗೆ (ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಗಾಳಿ ತುರುಕುವ ಯಂತ್ರ) ಬೇರೆಬೇರೆ ಲಿವರ್ ಇದ್ದವು. ನಾಲ್ಕನ್ನೂ ಸರಿದೂಗಿಸುವಷ್ಟರಲ್ಲಿ ಸಾಲುಗಟ್ಟಿ ಹಾರುವ ಗುಂಪಿನಲ್ಲಿ ಹಿಂದೆ ಬೀಳುತ್ತೇವೆ. ಮುಂದೆ ಬಂದ ಬಿ-17ಜಿಯಲ್ಲಿ ನಾಲ್ಕೂ ಟರ್ಬೊಗಳಿಗೆ ಎಲೆಕ್ಟ್ರಾನಿಕ್ ನಿಯಂತ್ರಣ ಬಂತು, ತಿರುಗಿಸಲು ಒಂದೇ ಗುಂಡಿ. ಆರ್‌ಪಿಎಂ, ಮಿಶ್ರಣ ಮಾತ್ರ ಪೈಲಟ್ ಕೈಯಲ್ಲೇ ಉಳಿದವು. ಕೈಗೆ ಪುರುಸೊತ್ತಿಲ್ಲದ ಕಡೆ ಯಂತ್ರ, ಪೆಟ್ರೋಲ್ ಉಳಿಸುವ ಕಡೆ ಮನುಷ್ಯ. ನಾನು ಹಾರಿಸಿದ್ದರಲ್ಲಿ ಎಲ್ಲಕ್ಕಿಂತ ಸರಿಯಾಗಿ ಕೆಲಸ ಹಂಚಿದ್ದು ಈ ಬಾಂಬರೇ. ಒಂಬತ್ತು-ಹತ್ತು ಗಂಟೆಯ ಹಾರಾಟಕ್ಕೆ ನಾನು ಆರಿಸುವುದು ಇದನ್ನೇ.