ಮಗುವಿನ ಪಾಲನೆಯ ರಾಜಿ: ಹಿರಿಯರ ಪಂಚಾಯ್ತಿಯೋ, ಖಾಸಗಿ ಮಧ್ಯಸ್ಥಗಾರರೋ, ಕೋರ್ಟಿನ ಕೇಂದ್ರವೋ?

ಗಂಡ ಹೆಂಡತಿ ಬೇರೆಯಾದಾಗ ನಮ್ಮಲ್ಲಿ ಮೊದಲು ಕೂರುವುದು ಹಿರಿಯರು. ಖರ್ಚಿಲ್ಲ, ಒಂದು ಭಾನುವಾರಕ್ಕೆ ಮುಗಿಯುತ್ತದೆ. ಆದರೆ ಮಾತು ಒಡವೆ, ಸೈಟು, ಮದುವೆ ಖರ್ಚಿನ ಕಡೆ ಜಾರಿ, ಮಗುವಿನ ವಿಷಯ ಬರುವಷ್ಟರಲ್ಲಿ ಎಲೆ ಹಾಕಿರುತ್ತಾರೆ. ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿದರೂ ಅದು ಡಿಕ್ರಿಯಲ್ಲ, ಅಂದರೆ ಕೋರ್ಟಿನ ತೀರ್ಪಲ್ಲ. ಒಬ್ಬರು ಮಾತು ತಪ್ಪಿದರೆ ಕೋರ್ಟಿನಲ್ಲಿ ಹೊಸದಾಗಿಯೇ ಶುರುಮಾಡಬೇಕು.

ಕೋರ್ಟಿಗೆ ಸೇರಿದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಿಂದ ಇದೆ. ಕೇಸನ್ನು ಅಲ್ಲಿಗೆ ಫ್ಯಾಮಿಲಿ ಕೋರ್ಟೇ ಕಳಿಸುತ್ತದೆ, ಕಕ್ಷಿದಾರರು ಫೀಸು ಕೊಡಬೇಕಿಲ್ಲ. ಮಧ್ಯಸ್ಥಗಾರರು ಇಬ್ಬರನ್ನೂ ಒಟ್ಟಿಗೆ, ಆಮೇಲೆ ಬೇರೆಬೇರೆಯಾಗಿ ಕೂರಿಸಿಕೊಳ್ಳುತ್ತಾರೆ. ಒಳಗಿನ ಮಾತು ಜಡ್ಜ್ ತನಕ ಹೋಗುವುದಿಲ್ಲ. ರಾಜಿಯಾದರೆ ಸಹಿ ಹಾಕಿದ ಒಪ್ಪಂದ ಕೋರ್ಟಿನ ಆದೇಶದೊಳಗೆ ಸೇರುತ್ತದೆ. ದೊಡ್ಡ ಬಲ ಇದೇ. ತೊಂದರೆ ಎಂದರೆ ಸಮಯ ಕಡಿಮೆ. ಅವಸರದಲ್ಲಿ ‘ತಂದೆಗೆ ಮಗುವಿನ ಭೇಟಿಗೆ ಸೂಕ್ತ ಅವಕಾಶ ಕೊಡತಕ್ಕದ್ದು’ ಎಂಬ ಒಂದೇ ಸಾಲು ಉಳಿಯುತ್ತದೆ. ‘ಸೂಕ್ತ’ ಅಂದರೆ ಎಷ್ಟು ಗಂಟೆ? ಆದೇಶ ಮುರಿದದ್ದನ್ನು ತೋರಿಸುವುದು ಹೇಗೆ?

ಆ ಸಾಲು ಹೀಗಿರಬೇಕು: ‘ಎರಡನೇ, ನಾಲ್ಕನೇ ಶನಿವಾರ ಬೆಳಿಗ್ಗೆ 10ಕ್ಕೆ ತಾಯಿಯ ಮನೆ ಗೇಟಿನಿಂದ ಕರೆದೊಯ್ದು, ಭಾನುವಾರ ಸಂಜೆ 6ಕ್ಕೆ ಅಲ್ಲಿಗೇ ತಂದು ಬಿಡುವುದು. ಮಗುವಿಗೆ ಜ್ವರ ಬಂದರೆ ಮುಂದಿನ ಶನಿವಾರ.’ ದಸರಾ ರಜೆಯ ಯಾವ ಅರ್ಧ ಯಾರಿಗೆ, ಯುಗಾದಿ ಯಾರ ಮನೆಯಲ್ಲಿ, ಪಾಸ್‌ಪೋರ್ಟ್ ಯಾರ ಬೀರುವಿನಲ್ಲಿ, ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಇಬ್ಬರ ನಂಬರೂ ಇದೆಯೇ: ಜಗಳ ಹುಟ್ಟುವುದು ಇಲ್ಲೇ.

ಇಷ್ಟು ಬಿಡಿಸಿ ಕೂರಲು ಖಾಸಗಿ ಮಧ್ಯಸ್ಥಗಾರರೇ ಮೇಲು. ಸಂಜೆ ಹೊತ್ತು ಸಿಗುತ್ತಾರೆ. ಒಬ್ಬರು ದುಬೈಯಲ್ಲಿದ್ದರೆ ವಿಡಿಯೋ ಕಾಲ್ ಸಾಕು. ಫೀಸನ್ನು ಮೊದಲೇ ಕೇಳಿ, ಅರ್ಧರ್ಧ ಹಂಚಿಕೊಳ್ಳಿ, ಇಲ್ಲದಿದ್ದರೆ ಕೊಟ್ಟವರ ಕಡೆಯವರು ಎಂಬ ಅನುಮಾನ ಬರುತ್ತದೆ. ಆದರೆ ಆ ಕಾಗದವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ನಡೆಯುತ್ತಿರುವ ಕೇಸಿಗೋ, ಹಿಂದೂ ವಿವಾಹ ಕಾಯ್ದೆಯ 13ಬಿ ಅಡಿ ಇಬ್ಬರೂ ಒಪ್ಪಿ ವಿಚ್ಛೇದನ ಕೇಳುವ ಜಂಟಿ ಅರ್ಜಿಗೋ ಲಗತ್ತಿಸಿ ಆದೇಶ ಪಡೆಯಿರಿ. ನಮ್ಮ ಆಯ್ಕೆ ಇದೇ: ವಿವರ ಹೊರಗೆ, ಮುದ್ರೆ ಕೋರ್ಟಿನಲ್ಲಿ.

ಹೊಡೆತ, ಬೆದರಿಕೆ ಇರುವ ಕಡೆ ಇದಾವುದೂ ಬೇಡ, ನೇರ ಜಡ್ಜ್ ಮುಂದೆ ಹೋಗಿ.

ಇನ್ನೊಂದು. ಅದೇ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಪಾಲನೆಯ ಆದೇಶವನ್ನು ಮುಂದೆ ಬದಲಾಯಿಸಲು ಕೋರ್ಟಿಗೆ ಅಧಿಕಾರವಿದೆ. 5 ವರ್ಷದ ಮಗುವಿನ ವೇಳಾಪಟ್ಟಿ 12ಕ್ಕೆ ಹೊಂದುವುದಿಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ, ಶಾಲೆ ಶುರುವಾಗುವ ಮೊದಲು, ಇಬ್ಬರೂ ಕೂತು ನೋಡುವುದು ಎಂದು ಒಪ್ಪಂದದಲ್ಲೇ ಬರೆಸಿ.