ಪಿಎಫ್‌ಎಎಸ್ ಪರೀಕ್ಷೆ: 533 ವಿಧಾನವೋ, 537.1 ವಿಧಾನವೋ?

ಪಿಎಫ್‌ಎಎಸ್ ಎಂದರೆ ಸುಲಭವಾಗಿ ಕರಗಿಹೋಗದೆ ಉಳಿಯುವ ಫ್ಲೋರಿನ್ ರಾಸಾಯನಿಕಗಳ ಗುಂಪು. ಅಮೆರಿಕದಲ್ಲಿ ಕುಡಿಯುವ ನೀರಿಗೆ ಈ ಗುಂಪಿನ ಪಿಎಫ್‌ಒಎ, ಪಿಎಫ್‌ಒಎಸ್ ಮಿತಿ ಲೀಟರಿಗೆ ತಲಾ 4 ನ್ಯಾನೊಗ್ರಾಂ. ಇವೆರಡನ್ನಷ್ಟೇ ಅಳೆಯಬೇಕಿದ್ದರೆ ಅಲ್ಲಿನ ಪರಿಸರ ಸಂಸ್ಥೆ ಇಪಿಎಯ 533, 537.1 ವಿಧಾನಗಳಲ್ಲಿ ಯಾವುದಾದರೂ ನಡೆಯುತ್ತದೆ.

ಪಿಎಫ್‌ಬಿಎಯಂಥ ಗಿಡ್ಡ ಇಂಗಾಲ ಸರಪಳಿಯವೂ ಬೇಕೆಂದರೆ 533: ಒಟ್ಟು 25 ಸಂಯುಕ್ತ. ಐಸೊಟೋಪ್ ಮಾನಕಗಳನ್ನು (ಭಾರವಾದ ಪರಮಾಣುಗಳಿಂದ ಗುರುತಿಸಿದ ಅಂಥವೇ ಸಂಯುಕ್ತಗಳನ್ನು, ಗೊತ್ತಾದ ಪ್ರಮಾಣದಲ್ಲಿ) ಮೊದಲೇ ಬೆರೆಸುವುದರಿಂದ, ನೀರಿನಿಂದ ಪಿಎಫ್‌ಎಎಸ್ ಹೊರತೆಗೆಯುವಾಗಿನ ನಷ್ಟ ಲೆಕ್ಕದಲ್ಲೇ ಸರಿಹೋಗುತ್ತದೆ. ಆದರೆ ಆ ಮಾನಕಗಳು ಅಗ್ಗವಲ್ಲ. 537.1ರಲ್ಲಿ 18 ಸಂಯುಕ್ತ, ಅದರಲ್ಲಿ ನಾಲ್ಕು 533ರಲ್ಲಿಲ್ಲ.

ಲ್ಯಾಬ್ ದೂರವೇ? ಮಾದರಿ ತುಂಬಿದ ಮೇಲೆ 533ರಲ್ಲಿ ಹೊರತೆಗೆಯಲು 28 ದಿನ ಸಿಗುತ್ತದೆ, 537.1ರಲ್ಲಿ 14 ಮಾತ್ರ.

ಎಡವಟ್ಟಾಗುವುದು ಬಾಟಲಿಯಲ್ಲೇ. ಅದರಲ್ಲಿ ಹಾಕುವ ಸಂರಕ್ಷಕ 537.1ಕ್ಕೆ ಟ್ರಿಜ್ಮಾ, 533ಕ್ಕೆ ಅಮೋನಿಯಂ ಅಸಿಟೇಟ್. ಅದಲುಬದಲಾದರೆ ಮಾದರಿ ವ್ಯರ್ಥ. ಪಿಎಫ್‌ಎಎಸ್ ಬಾಟಲಿಯ ಗೋಡೆಗೆ ಅಂಟುವುದರಿಂದ ಸ್ವಲ್ಪವೇ ಸುರಿದು ಪರೀಕ್ಷಿಸುವಂತಿಲ್ಲ. ಇಡೀ ಬಾಟಲಿ ಬಳಸಿ, ಮೆಥನಾಲಿನಿಂದ ತೊಳೆದದ್ದನ್ನೂ ಸೇರಿಸಬೇಕು.

ತ್ಯಾಜ್ಯನೀರಾದರೆ ಎರಡೂ ಬೇಡ, ಇಪಿಎಯ 1633 ವಿಧಾನ ಕೇಳಿ.