ರೆಂಡರ್ ಫಾರ್ಮಿಗೆ ಯಾವ ಮ್ಯಾನೇಜರ್? ಫ್ಲಮೆಂಕೊ, ಡೆಡ್‌ಲೈನ್, ಓಪನ್‌ಕ್ಯೂ ಮೂರನ್ನೂ ಹಾಕಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಫ್ಲಮೆಂಕೊಗೆ. ಅದು ತೊಂದರೆ ಕೊಡಲಿಲ್ಲ ಅಂತಲ್ಲ. ಮೂರರಲ್ಲಿ ಜಾಸ್ತಿ ತಲೆ ತಿಂದಿದ್ದು ಅದೇ.

ರೆಂಡರ್ ಅಂದರೆ 3ಡಿ ದೃಶ್ಯವನ್ನು ಒಂದೊಂದೇ ಫ್ರೇಮಿನ ಚಿತ್ರವಾಗಿ ಮಾಡುವುದು, ಆ ಕೆಲಸ ಹಂಚಿಕೊಳ್ಳುವ ಕಂಪ್ಯೂಟರುಗಳ ಗುಂಪೇ ರೆಂಡರ್ ಫಾರ್ಮು. ನನ್ನದು ನಾಲ್ಕು ಮಷೀನಿನ ಫಾರ್ಮು. ಮೂರು ವಿಂಡೋಸ್, ಒಂದು ಲಿನಕ್ಸ್. ಕೆಲಸವೆಲ್ಲ ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರಿನಲ್ಲಿ. 40 ಸೆಕೆಂಡಿನ ಜಾಹೀರಾತು ಅಂದರೆ ಸೆಕೆಂಡಿಗೆ 24ರಂತೆ 960 ಫ್ರೇಮು. ಫ್ರೇಮಿಗೆ 4 ನಿಮಿಷ ಹಿಡಿದರೆ ಒಂದೇ ಮಷೀನು 64 ಗಂಟೆ ಕೂರಬೇಕು. ನಾಲ್ಕಕ್ಕೆ ಹಂಚಿದರೆ 16 ಗಂಟೆ. ಸಂಜೆ ಹಾಕಿದರೆ ಮರುದಿನ ಬೆಳಗ್ಗೆ ಹೊತ್ತಿಗೆ ಸಿಗುತ್ತದೆ. ಯಾವ ಫ್ರೇಮು ಯಾವ ಮಷೀನಿಗೆ ಅಂತ ಹಂಚಿಕೊಡುವುದು ಮ್ಯಾನೇಜರ್ ಕೆಲಸ.

ನಾನು ಮಾಡಿದ ಮೊದಲ ತಪ್ಪು, 'ಸರ್ವರ್' ಅನ್ನುವ ಪದಕ್ಕೆ ಹೆದರಿದ್ದು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ 18 ಸಾವಿರ ಕೊಟ್ಟು ಹಳೇ ಜಿಯಾನ್ ರ‍್ಯಾಕ್ ಸರ್ವರ್ ಹೊತ್ತು ತಂದೆ. ಆನ್ ಮಾಡಿದ ತಕ್ಷಣ ಅಮ್ಮ ಅಡುಗೆಮನೆಯಿಂದಲೇ ಕೂಗಿದರು: "ಏನೋ ಅದು, ಮನೇಲಿ ಹಿಟ್ಟಿನ ಗಿರಣಿ ಹಾಕಿದ್ದೀಯಾ?" ಸುಮ್ಮನೆ ಕೂತಾಗಲೂ 120 ವ್ಯಾಟ್ ಎಳೆಯುತ್ತಿತ್ತು. ಹಗಲೂ ರಾತ್ರಿ ಇಟ್ಟರೆ ತಿಂಗಳಿಗೆ 86 ಯೂನಿಟ್. ಆಮೇಲೆ ಗೊತ್ತಾಯಿತು, ಮ್ಯಾನೇಜರ್ ರೆಂಡರ್ ಮಾಡುವುದೇ ಇಲ್ಲ. ಪಟ್ಟಿ ಇಟ್ಟುಕೊಂಡು ಕೆಲಸ ಹಂಚುತ್ತದೆ, ಅಷ್ಟೇ. ನಾಲ್ಕು ಮಷೀನಿಗೆ ಅಂಗೈ ಅಗಲದ ಒಂದು ಮಿನಿ ಪಿಸಿ ಧಾರಾಳ. ಈಗ ಅದರಲ್ಲೇ ಲಿನಕ್ಸ್ ಹಾಕಿ, ಫೈಲುಗಳನ್ನೂ ಅಲ್ಲೇ ಇಟ್ಟು ಸಾಂಬಾದಲ್ಲಿ (ವಿಂಡೋಸಿಗೂ ಕಾಣುವಂತೆ ಫೋಲ್ಡರ್ ಹಂಚುವ ಪ್ರೋಗ್ರಾಂ) ಶೇರ್ ಮಾಡಿದ್ದೇನೆ.

ಓಪನ್‌ಕ್ಯೂ ಬಗ್ಗೆ ಬೇಗ ಮುಗಿಸುತ್ತೇನೆ. ಸೋನಿ ಪಿಕ್ಚರ್ಸ್ ಇಮೇಜ್‌ವರ್ಕ್ಸ್ ತನ್ನ ಕೆಲಸಕ್ಕೆ ಮಾಡಿಕೊಂಡಿದ್ದನ್ನು ಗೂಗಲ್ ಜೊತೆ ಸೇರಿ 2019ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಕೆಲಸ ಹಂಚಲು ಜಾವಾದ ಕ್ಯೂಬಾಟ್ ಬೇಕು, ಪೋಸ್ಟ್‌ಗ್ರೆ ಡೇಟಾಬೇಸ್ ಬೇಕು, ಪ್ರತಿ ಮಷೀನಿನಲ್ಲೂ ಆ ಕೆಲಸ ತೆಗೆದುಕೊಳ್ಳುವ ಆರ್‌ಕ್ಯುಡಿ ಓಡಬೇಕು. ಇವನ್ನೆಲ್ಲ ಡಾಕರಿನಲ್ಲಿ (ಪ್ರೋಗ್ರಾಂಗಳನ್ನು ಡಬ್ಬಿ ಕಟ್ಟಿದ ಹಾಗೆ ಓಡಿಸುವ ಸಾಧನ) ಎಬ್ಬಿಸಿದೆ, ಎದ್ದಿತು. ಆದರೆ ಶೋ (ಪ್ರಾಜೆಕ್ಟು), ಅಲೊಕೇಶನ್ (ಮಷೀನುಗಳ ಗುಂಪು), ಸಬ್‌ಸ್ಕ್ರಿಪ್ಶನ್ (ಯಾವ ಶೋಗೆ ಎಷ್ಟು ಪಾಲು) ಎಲ್ಲ ಜೋಡಿಸದೆ ಒಂದು ಫ್ರೇಮೂ ಅಲ್ಲಾಡಲ್ಲ. ಸಾವಿರಾರು ಕೋರ್‌ಗಳನ್ನು ಹತ್ತಾರು ಚಿತ್ರಗಳಿಗೆ ಹಂಚುವವರಿಗೆ ಇದು ಸರಿ. ನಾಲ್ಕು ಮಷೀನಿಗೆ ತಾಲ್ಲೂಕು ಕಚೇರಿ ತೆರೆದ ಹಾಗೆ.

ಡೆಡ್‌ಲೈನ್ ನಿಜಕ್ಕೂ ಗಟ್ಟಿ ಸಾಮಾನು. ಮಾಯಾ, ಹೂಡಿನಿ, ನ್ಯೂಕ್, ಆಫ್ಟರ್ ಎಫೆಕ್ಟ್ಸ್, ಯಾವ ಸಾಫ್ಟ್‌ವೇರಿನ ಕೆಲಸ ಕೊಟ್ಟರೂ ಓಡಿಸುತ್ತದೆ. ಲೈಸೆನ್ಸಿಗೆ ದುಡ್ಡಿಲ್ಲ. ರೆಪೊಸಿಟರಿ (ಅದರ ಫೈಲುಗಳ ಫೋಲ್ಡರ್) ಒಂದು ಕಡೆ, ಮೊಂಗೊಡಿಬಿ ಡೇಟಾಬೇಸ್ ಇನ್ನೊಂದು ಕಡೆ, ಜೊತೆಗೆ ಪ್ರತಿ ಕ್ಲೈಂಟಿಗೂ (ಫಾರ್ಮಿಗೆ ಸೇರುವ ಮಷೀನಿಗೂ) ಒಂದು ಸರ್ಟಿಫಿಕೇಟ್ ಫೈಲು. ಇನ್‌ಸ್ಟಾಲ್ ಮಾಡುವಾಗ ಆ ಫೈಲಿಗೆ ಪಾಸ್‌ವರ್ಡ್ ಕೊಟ್ಟೆ, ಬರೆದಿಡಲಿಲ್ಲ. ತಿಂಗಳ ಮೇಲೆ ನಾಲ್ಕನೇ ಮಷೀನು ಸೇರಿಸಲು ಹೋದಾಗ ನೆನಪೇ ಬರಲಿಲ್ಲ. ತಪ್ಪು ನನ್ನದೇ. ಆದರೆ ನನ್ನಂಥ ಮರೆವಿನವನಿಗೆ ಇಷ್ಟೊಂದು ಬೀಗದ ಕೈ ಇರುವ ಮನೆ ಸರಿಹೋಗಲ್ಲ.

ಫ್ಲಮೆಂಕೊ ಬ್ಲೆಂಡರ್ ಸ್ಟುಡಿಯೋದವರದ್ದು. ಮ್ಯಾನೇಜರ್ ಅಂದರೆ ಒಂದೇ ಪ್ರೋಗ್ರಾಂ. ಡೇಟಾಬೇಸು ಎಸ್‌ಕ್ಯುಲೈಟ್, ಬೇರೆಯಾಗಿ ಏನೂ ಹಾಕಬೇಕಿಲ್ಲ. ಬ್ರೌಸರಿನಲ್ಲಿ 8080 ಪೋರ್ಟ್ ತೆರೆದರೆ ಕೆಲಸದ ಪಟ್ಟಿ ಕಾಣುತ್ತದೆ. ಸೆಟ್ಟಿಂಗೆಲ್ಲ ಒಂದು ಯಾಮಲ್ (ನಾವೇ ಓದಿ ತಿದ್ದಬಹುದಾದ ಪಠ್ಯ) ಫೈಲಿನಲ್ಲಿ. ಅದನ್ನು ಕಾಪಿ ಮಾಡಿಟ್ಟುಕೊಂಡರೆ ಸೆಟ್ಟಿಂಗಿನ ಬ್ಯಾಕಪ್ ಆಯಿತು. ವರ್ಕರ್‌ಗಳು, ಅಂದರೆ ಪ್ರತಿ ಮಷೀನಿನಲ್ಲಿ ಕೆಲಸ ತೆಗೆದುಕೊಂಡು ಮಾಡಿಸುವ ಪ್ರೋಗ್ರಾಂಗಳು, ಮ್ಯಾನೇಜರನ್ನು ತಾವೇ ಹುಡುಕಿಕೊಳ್ಳುತ್ತವೆ. ಹುಡುಕದಿದ್ದರೆ ಐಪಿ ವಿಳಾಸ ಕೊಟ್ಟರಾಯಿತು.

ತಲೆ ತಿಂದಿದ್ದು ಫೈಲಿನ ದಾರಿ (ಪಾತ್). ವಿಂಡೋಸಿನಲ್ಲಿ ನಮ್ಮ ಶೇರ್ ಫೋಲ್ಡರ್ ಝಡ್ ಡ್ರೈವ್. ಲಿನಕ್ಸಿನಲ್ಲಿ ಝಡ್ ಅಂದರೆ ಯಾರು ಅಂತಲೇ ಗೊತ್ತಿಲ್ಲ. ಇದಕ್ಕೆ ಟೂ-ವೇ ವೇರಿಯಬಲ್ ಅಂತ ಇದೆ. ವಿಂಡೋಸಿಗೆ ಈ ದಾರಿ, ಲಿನಕ್ಸಿಗೆ ಆ ದಾರಿ ಅಂತ ಬರೆದಿಟ್ಟರೆ ಮ್ಯಾನೇಜರೇ ಅದಲು ಬದಲು ಮಾಡಿಕೊಡುತ್ತದೆ. ಇದು ಹತ್ತು ನಿಮಿಷದ ಕೆಲಸ.

ಆಮೇಲೆ ಜಾಣತನ ಮಾಡಲು ಹೋದೆ. ಕರೆಂಟ್ ಹೋಗಿ ಬಂದಾಗ ವರ್ಕರ್ ತಾನೇ ಏಳಲಿ ಅಂತ ವಿಂಡೋಸ್ ಸರ್ವಿಸ್ (ಯಾರೂ ಲಾಗಿನ್ ಆಗದಿದ್ದರೂ ಹಿಂದೆ ಓಡುವ ಪ್ರೋಗ್ರಾಂ) ಆಗಿ ಹಾಕಿದೆ. ಆ ಮಷೀನುಗಳಲ್ಲಿ ಎಲ್ಲ ಫ್ರೇಮೂ ಫೇಲ್. ಸರ್ವಿಸ್ ಓಡುವುದು ಬೇರೆ ಬಳಕೆದಾರನ ಹೆಸರಲ್ಲಿ, ಝಡ್ ಡ್ರೈವ್ ಕಾಣುವುದು ನಾನು ಲಾಗಿನ್ ಆದಾಗ ನನಗೆ ಮಾತ್ರ! ಅದನ್ನು ಸರಿಮಾಡಿದ ಮೇಲೂ ಆ ಮಷೀನುಗಳಿಗೆ ಕೆಲಸ ಬರಲಿಲ್ಲ. ಒಂದೇ ಥರದ ಕೆಲಸದಲ್ಲಿ ಮತ್ತೆ ಮತ್ತೆ ಸೋತ ವರ್ಕರನ್ನು ಮ್ಯಾನೇಜರ್ ಆ ಜಾಬಿನ ಬ್ಲಾಕ್‌ಲಿಸ್ಟಿಗೆ ಹಾಕಿಬಿಟ್ಟಿರುತ್ತದೆ. ಅಲ್ಲಿಂದ ಕೈಯಾರೆ ತೆಗೆಯಬೇಕು. ಇದು ಹೊಳೆಯಲು ಅರ್ಧ ಭಾನುವಾರ ಹೋಯಿತು.

ಇಷ್ಟಾದ ಮೇಲೆ ಒಂದು ಬೆಳಗ್ಗೆ 960 ಫ್ರೇಮೂ ಮುಗಿದಿತ್ತು. ಒಂದೂ ಫೇಲ್ ಇಲ್ಲ. ಕಾಫಿ ಹಿಡಿದು ವಿಡಿಯೋ ಹಾಕಿದರೆ ಗೋಡೆ ಒಮ್ಮೆ ಇಟ್ಟಿಗೆ ಬಣ್ಣ, ಒಮ್ಮೆ ಕಡು ಗುಲಾಬಿ, ಜಾತ್ರೆಯ ಸೀರಿಯಲ್ ಸೆಟ್ಟಿನ ಹಾಗೆ ಮಿಟುಕುತ್ತಿದೆ. ಇಟ್ಟಿಗೆಯ ಟೆಕ್ಸ್ಚರು (ಗೋಡೆಯ ಮೇಲೆ ಹೊದಿಸುವ ಚಿತ್ರ) ನನ್ನ ಮಷೀನಿನ ಡಿ ಡ್ರೈವಿನಲ್ಲಿತ್ತು. ನನ್ನ ಮಷೀನು ಮಾಡಿದ ಫ್ರೇಮುಗಳು ಸರಿ, ಮಿಕ್ಕ ಮೂರು ಮಾಡಿದವು ಗುಲಾಬಿ. ಟೆಕ್ಸ್ಚರ್ ಸಿಗದಿದ್ದರೆ ಬ್ಲೆಂಡರ್ ಕೆಲಸ ನಿಲ್ಲಿಸುವುದಿಲ್ಲ, ಗುಲಾಬಿ ಬಳಿದು ಮುಂದೆ ಹೋಗುತ್ತದೆ. ಮ್ಯಾನೇಜರಿಗೆ ಫ್ರೇಮು ಬಂದರೆ ಸಾಕು, ಬಣ್ಣ ಅದಕ್ಕೇನು ಗೊತ್ತು? ಹಾಗಾಗಿ ಇದನ್ನು ಫ್ಲಮೆಂಕೊ ತಲೆಗೆ ಕಟ್ಟಲಾರೆ. ಈಗ ಎಲ್ಲ ಫೈಲೂ ಮೊದಲ ದಿನದಿಂದ ಝಡ್‌ನಲ್ಲೇ, ದಾರಿಗಳೆಲ್ಲ ರಿಲೇಟಿವ್ (ಬ್ಲೆಂಡರ್ ಫೈಲು ಇರುವ ಜಾಗದಿಂದ ಲೆಕ್ಕ). ರಾತ್ರಿ ಮಲಗುವ ಮುಂಚೆ ಪ್ರತಿ ಮಷೀನಿನ ಒಂದೊಂದು ಫ್ರೇಮು ತೆರೆದು ನೋಡುತ್ತೇನೆ.

ಬ್ಲೆಂಡರಿನ ಆವೃತ್ತಿ ಎಲ್ಲ ಕಡೆ ಒಂದೇ ಇರಲಿ.

ನಿಮ್ಮದು ಬ್ಲೆಂಡರ್ ಮಾತ್ರ, ಐದಾರು ಮಷೀನು, ನೋಡಿಕೊಳ್ಳುವವರು ನೀವೊಬ್ಬರೇ ಅಂದರೆ ಫ್ಲಮೆಂಕೊ ಹಾಕಿ. ಆಫ್ಟರ್ ಎಫೆಕ್ಟ್ಸ್ ಥರದ್ದು ದಿನಾ ಬೇಕಾದರೆ ಡೆಡ್‌ಲೈನ್. ಫ್ಲಮೆಂಕೊದಲ್ಲೂ ಜಾವಾಸ್ಕ್ರಿಪ್ಟಿನಲ್ಲಿ ಹೊಸ ಜಾಬ್ ಬರೆಯಬಹುದು, ಆದರೆ ನನಗೆ ಅಷ್ಟು ತಾಳ್ಮೆ ಇಲ್ಲ.

ರ‍್ಯಾಕ್ ಸರ್ವರ್ ಇನ್ನೂ ಮಂಚದ ಕೆಳಗಿದೆ. ರ‍್ಯಾಮ್ ಆದರೂ ಬಿಚ್ಚಿಕೊಳ್ಳೋಣ ಅಂದರೆ ಅದು ರಿಜಿಸ್ಟರ್ಡ್ ಇಸಿಸಿ (ಸರ್ವರ್ ಥರದ ಮಷೀನಿಗೆಂದು ಮಾಡಿದ್ದು), ನನ್ನ ಮಾಮೂಲಿ ಮದರ್‌ಬೋರ್ಡಿನಲ್ಲಿ ಕೆಲಸ ಮಾಡಲ್ಲ.